ಸಿವಿಲೈಸೇಶನ್ 6: ಬಿಲ್ಡರ್‌ಗಳನ್ನು ಲೆಕ್ಕವಿಟ್ಟು ಬಳಸುವವರಿಗೆ ಮಾಡಿದ ಆಟ

ಸಿವಿಲೈಸೇಶನ್ 6 ಸರದಿ (ಟರ್ನ್) ಪ್ರಕಾರ ಊರುಗಳನ್ನು ಕಟ್ಟಿ ನಾಗರಿಕತೆ ಬೆಳೆಸುವ ಕಂಪ್ಯೂಟರ್ ಆಟ. 2016ರ ಅಕ್ಟೋಬರ್‌ನಲ್ಲಿ ಬಂದ ಈ ಆಟದ ಬಗ್ಗೆ ಈಗ ಬರೆಯಲು ಕಾರಣವಿದೆ. 2025ರಲ್ಲಿ ಬಂದ ಏಳನೇ ಆವೃತ್ತಿಯಲ್ಲಿ ಹೊಲ, ಗಣಿ ಮಾಡುವ ಘಟಕಗಳಾದ ಬಿಲ್ಡರ್‌ಗಳೇ ಇಲ್ಲ. ಊರು ಬೆಳೆದಂತೆ ಹೊಲ, ಗಣಿ ಎಲ್ಲಿರಬೇಕೆಂದು ಆರಿಸಿದರೆ ಮುಗಿಯಿತು. ಐದನೇ ಆವೃತ್ತಿಯಲ್ಲಿ ವರ್ಕರ್‌ಗಳಿದ್ದವು. ಒಮ್ಮೆ ಮಾಡಿದರೆ ಕೊನೆಯವರೆಗೂ ಉಳಿಯುತ್ತಿದ್ದವು, ‘ಆಟೊಮೇಟ್’ ಒತ್ತಿ ಮರೆತುಬಿಡಬಹುದಿತ್ತು. ಆರನೆಯದರದ್ದು ಮಧ್ಯದ ದಾರಿ: ಕೆಲಸ ತಕ್ಷಣ ಆಗುತ್ತದೆ, ಆದರೆ ಬಿಲ್ಡರ್‌ಗೆ ಮೂರೇ ಚಾರ್ಜ್, ಅಂದರೆ ಮೂರು ಸಲದ ಕೆಲಸ. ಮೂರೂ ತೀರಿದರೆ ಬಿಲ್ಡರ್ ಮಾಯ. ಆಟೊಮೇಟ್ ಸೌಲಭ್ಯವೂ ಇಲ್ಲ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಇದೇ ಒಳ್ಳೆಯ ಏರ್ಪಾಡು, ಆದರೆ ಲೆಕ್ಕ ತಪ್ಪಿದವರನ್ನು ಸುಮ್ಮನೆ ಬಿಡುವುದಿಲ್ಲ.

ಸ್ಟ್ಯಾಂಡರ್ಡ್ ವೇಗದಲ್ಲಿ ಮೊದಲ ಬಿಲ್ಡರ್‌ಗೆ 50 ಪ್ರೊಡಕ್ಷನ್ (ಊರಿನ ಉತ್ಪಾದನಾ ಶಕ್ತಿ) ಬೇಕು. ಅಲ್ಲಿಂದ ಮುಂದೆ ಪ್ರತಿಯೊಂದಕ್ಕೂ 4 ಹೆಚ್ಚುತ್ತದೆ. ಚಿನ್ನ ಕೊಟ್ಟು ಕೊಂಡರೆ ಇದರ ನಾಲ್ಕು ಪಟ್ಟು, ಅಂದರೆ ಮೊದಲನೆಯದಕ್ಕೆ 200. ಆದ್ದರಿಂದ ನೋಡಬೇಕಾದದ್ದು ಬಿಲ್ಡರ್‌ನ ಬೆಲೆಯನ್ನಲ್ಲ, ಒಂದು ಚಾರ್ಜ್‌ಗೆ ಬೀಳುವ ಬೆಲೆಯನ್ನು. ಮೊದಲ ಬಿಲ್ಡರ್‌ನಲ್ಲಿ ಒಂದು ಚಾರ್ಜ್‌ಗೆ ಸುಮಾರು 17 ಬೀಳುತ್ತದೆ. ಹತ್ತನೆಯದು 86ಕ್ಕೆ ಏರುವುದರಿಂದ ಮೂರೇ ಚಾರ್ಜ್ ಇದ್ದರೆ ಒಂದಕ್ಕೆ 29 ಹತ್ತಿರ. ಅದೇ ಬಿಲ್ಡರ್‌ಗೆ ಸರ್ಫ್‌ಡಮ್ ಎಂಬ ಸರ್ಕಾರಿ ನೀತಿಯ ಕಾರ್ಡ್‌ನಿಂದ 2 ಚಾರ್ಜ್ ಸೇರಿದರೆ ಒಂದಕ್ಕೆ 17ರ ಆಸುಪಾಸಿಗೆ ಇಳಿಯುತ್ತದೆ. ಪಿರಮಿಡ್ ಕಟ್ಟಿದ್ದರೆ ಇನ್ನೊಂದು, ಲಿಯಾಂಗ್ ಗವರ್ನರ್ ನೆಲೆಸಿದ ಊರಲ್ಲಿ ತಯಾರಾದರೆ ಮತ್ತೊಂದು, ಒಟ್ಟು 7. ಆಗ ಒಂದಕ್ಕೆ 12 ಚಿಲ್ಲರೆ. ಪಿರಮಿಡ್‌ಗೆ ಗುಡ್ಡವಿಲ್ಲದ ಮರುಭೂಮಿ ಟೈಲ್ (ನಕ್ಷೆಯ ಒಂದು ಷಟ್ಕೋನ) ಬೇಕು, ಹತ್ತಿರದಲ್ಲಿ ಅದಿಲ್ಲದಿದ್ದರೆ ಆಸೆ ಬಿಟ್ಟುಬಿಡಿ.

ಇಡೀ ಆಟದ ತಿರುವು ಫ್ಯೂಡಲಿಸಂ ಎಂಬ ಸಿವಿಕ್, ಅಂದರೆ ಸಂಸ್ಕೃತಿ ಬೆಳೆದಂತೆ ಕೈಗೆ ಬರುವ ಸಾಮಾಜಿಕ ವಿಚಾರ. ಸರ್ಫ್‌ಡಮ್ ಸಿಗುವುದು ಅಲ್ಲೇ, ಹೊಲಗಳಿಗೆ ಪಕ್ಕದ ಹೊಲಗಳಿಂದ ಲಾಭ ಬರತೊಡಗುವುದೂ ಅಲ್ಲಿಂದಲೇ. ಆದ್ದರಿಂದ ಮೊದಲ ಚಾರ್ಜ್‌ಗಳನ್ನು ಆ ದಿಕ್ಕಿಗೇ ಹಾಕಬೇಕು. ಮೂರು ಟೈಲ್ ಅಭಿವೃದ್ಧಿಪಡಿಸಿದರೆ ಕ್ರಾಫ್ಟ್ಸ್‌ಮನ್‌ಶಿಪ್ ಸಿವಿಕ್‌ಗೆ ಬೂಸ್ಟ್, ಅಂದರೆ ಅದು ಬೇಗ ಮುಗಿಯುತ್ತದೆ. ಅದರಿಂದ ಇಲ್ಕುಮ್ ಕಾರ್ಡ್ ಬರುತ್ತದೆ, ಬಿಲ್ಡರ್ ತಯಾರಿಗೆ 30 ಶೇಕಡಾ ಹೆಚ್ಚು ಪ್ರೊಡಕ್ಷನ್. ಆರು ಹೊಲ ಮಾಡಿದರೆ ಫ್ಯೂಡಲಿಸಂಗೆ ಬೂಸ್ಟ್. ಒಂದು ಗಣಿ, ಒಂದು ಕ್ವಾರಿ, ಒಂದು ಪಾಶ್ಚರ್ ಹೀಗೆ ಹಂಚಿ ಹಾಕಿದರೆ ವ್ಹೀಲ್, ಮೇಸನ್ರಿ, ಹಾರ್ಸ್‌ಬ್ಯಾಕ್ ರೈಡಿಂಗ್ ಮೂರು ತಂತ್ರಜ್ಞಾನಗಳಿಗೂ ಯುರೇಕಾ (ತಂತ್ರಜ್ಞಾನಕ್ಕೆ ಸಿಗುವ ಬೂಸ್ಟ್) ಸಿಗುತ್ತದೆ. ವ್ಹೀಲ್‌ಗೆ ಮಾತ್ರ ಗಣಿ ಯಾವುದಾದರೂ ಸಂಪನ್ಮೂಲದ ಮೇಲೇ ಇರಬೇಕು.

ಸರ್ಫ್‌ಡಮ್‌ನ ಹೆಚ್ಚುವರಿ ಚಾರ್ಜ್ ಹೊಸದಾಗಿ ಹೊರಬರುವ ಬಿಲ್ಡರ್‌ಗಳಿಗೆ ಮಾತ್ರ. ಮೈದಾನದಲ್ಲಿ ಈಗಾಗಲೇ ಓಡಾಡುತ್ತಿರುವವಕ್ಕೆ ಏನೂ ಸಿಗುವುದಿಲ್ಲ. ಅಂದಮೇಲೆ ಫ್ಯೂಡಲಿಸಂಗೆ ನಾಲ್ಕೈದು ಟರ್ನ್ ಇರುವಾಗ ಇಲ್ಕುಮ್ ಹಾಕಿ ಪ್ರತಿ ಊರಲ್ಲೂ ಬಿಲ್ಡರ್ ಶುರು ಮಾಡಿ, ಒಂದು ಟರ್ನ್ ಬಾಕಿ ಇರುವಾಗ ನಿಲ್ಲಿಸಿ ಬೇರೆ ಏನಾದರೂ ಕಟ್ಟುತ್ತಿರಿ. ಸಿವಿಕ್ ಮುಗಿದ ಟರ್ನ್‌ನಲ್ಲಿ ಕಾರ್ಡ್ ಬದಲಿಸಲು ಚಿನ್ನ ಕೊಡಬೇಕಿಲ್ಲ. ಆಗ ಸರ್ಫ್‌ಡಮ್ ಹಾಕಿ ಎಲ್ಲ ಬಿಲ್ಡರ್‌ಗಳನ್ನೂ ಒಟ್ಟಿಗೆ ಮುಗಿಸಿ, ಕೂಡಿಟ್ಟ ಚಿನ್ನವನ್ನೂ ಆಗಲೇ ಸುರಿಯಿರಿ. ಕೆಲಸವಾದ ಮೇಲೆ ಕಾರ್ಡ್ ತೆಗೆಯಿರಿ. ಅದನ್ನೇ ಕೊನೆಯವರೆಗೆ ಇಟ್ಟುಕೊಂಡು ಒಂದು ಎಕನಾಮಿಕ್ ಸ್ಲಾಟನ್ನು ಸತ್ತಂತೆ ಬಿಡುವವರೇ ಹೆಚ್ಚು.

ಹೊಲಗಳನ್ನು ಮೂರು ಮೂರರ ತ್ರಿಕೋನವಾಗಿ ಹಾಕಿ. ಫ್ಯೂಡಲಿಸಂ ನಂತರ ಪಕ್ಕದ ಪ್ರತಿ ಎರಡು ಹೊಲಕ್ಕೆ 1 ಆಹಾರ ಸೇರುವುದರಿಂದ ಮೂರಕ್ಕೂ ಲಾಭವಿದೆ, ಸಾಲಾಗಿ ಹಾಕಿದರೆ ನಡುವಿನದಕ್ಕೆ ಮಾತ್ರ. ಹಾಗೆಂದು ಜನ ದುಡಿಯದ ಟೈಲ್‌ಗಳಿಗೆಲ್ಲ ಚಾರ್ಜ್ ಹಾಕುವುದು ದಂಡ: ಜನಸಂಖ್ಯೆ 4 ಇರುವ ಊರಿಗೆ ಒಂಬತ್ತು ಹೊಲ ಯಾಕೆ? ಲಕ್ಷುರಿ ಮತ್ತು ಯುದ್ಧ ಸಂಪನ್ಮೂಲಗಳು ಮಾತ್ರ ಯಾರೂ ದುಡಿಯದಿದ್ದರೂ ಫಲ ಕೊಡುತ್ತವೆ, ಅದಕ್ಕೇ ಹೊಸ ಊರಿನ ಮೊದಲ ಚಾರ್ಜ್ ಅವಕ್ಕೆ. ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆಯಲ್ಲಿ ಕಬ್ಬಿಣದ ಗಣಿ ಟರ್ನ್‌ಗೆ 2 ಕೊಡುತ್ತದೆ, ಒಬ್ಬ ಸ್ವೋರ್ಡ್ಸ್‌ಮನ್‌ಗೆ 20 ಬೇಕು. ಯುದ್ಧ ಹತ್ತಿರವಾದ ಮೇಲೆ ಗಣಿ ತೋಡಿದರೆ ಹತ್ತು ಟರ್ನ್ ಕೈಕಟ್ಟಿ ಕೂರಬೇಕಾದೀತು.

ಕಾಡು ಕಡಿಯುವುದೇ ಒಂದು ಚಾರ್ಜ್‌ನ ಅತಿ ಲಾಭದ ಬಳಕೆ. ಬರುವ ಪ್ರೊಡಕ್ಷನ್ ಆ ಟೈಲ್ ಯಾವ ಊರಿನದೋ ಅಲ್ಲಿಗೆ ಹೋಗುತ್ತದೆ. ಮ್ಯಾಗ್ನಸ್ ಗವರ್ನರ್ ನೆಲೆಸಿದ್ದರೆ 50 ಶೇಕಡಾ ಹೆಚ್ಚು, ಆದರೆ ನೆಲೆಸಲು ಅವನಿಗೆ 5 ಟರ್ನ್ ಬೇಕು, ಮುಂಚೆಯೇ ಕಳಿಸಬೇಕು. ಡಿಸ್ಟ್ರಿಕ್ಟ್ (ಊರಿನ ವಿಶೇಷ ಬಡಾವಣೆ) ಇಡಬೇಕೆಂದಿರುವ ಟೈಲ್‌ನಲ್ಲಿ ಕಾಡಿದ್ದರೆ ಮೊದಲು ಕಡಿಯಿರಿ. ನೇರವಾಗಿ ಡಿಸ್ಟ್ರಿಕ್ಟ್ ಇಟ್ಟರೆ ಕಾಡು ಹೋಗುತ್ತದೆ, ಕೈಗೆ ಏನೂ ಬರುವುದಿಲ್ಲ. ಹೊಲ ಮಾಡಿದ ಮೇಲೆ ಅದರ ಮೇಲೇ ಡಿಸ್ಟ್ರಿಕ್ಟ್ ಹಾಕುವುದೂ ಇದೇ ಜಾತಿಯ ನಷ್ಟ. ಊರು ಸ್ಥಾಪಿಸಿದ ಟರ್ನ್‌ನಲ್ಲೇ ಡಿಸ್ಟ್ರಿಕ್ಟ್ ಎಲ್ಲಿ ಬರಬೇಕೆಂದು ಮ್ಯಾಪ್ ಪಿನ್ ಚುಚ್ಚಿಡಿ.

ನಡಿಗೆಯ ಲೆಕ್ಕವನ್ನು ಹೆಚ್ಚಿನವರು ಹಾಕುವುದೇ ಇಲ್ಲ. ಬಿಲ್ಡರ್‌ಗೆ 2 ಮೂವ್‌ಮೆಂಟ್, ಕೆಲಸ ಮಾಡಲು ಸ್ವಲ್ಪವಾದರೂ ಉಳಿದಿರಬೇಕು. ಬಯಲಲ್ಲಿ ಒಂದು ಹೆಜ್ಜೆ ಇಟ್ಟು ಅದೇ ಟರ್ನ್‌ನಲ್ಲಿ ಕೆಲಸ ಮಾಡಬಹುದು. ಗುಡ್ಡ, ಕಾಡು ಹತ್ತಿದರೆ ಎರಡೂ ಖರ್ಚಾಗಿ ಕೆಲಸ ಮುಂದಿನ ಟರ್ನ್‌ಗೆ. ಹೀಗಾಗಿ ಬಯಲಿನ ಟೈಲ್‌ಗಳನ್ನು ದಾರಿಯುದ್ದಕ್ಕೂ ಮುಗಿಸುತ್ತ ಗುಡ್ಡವನ್ನು ಕೊನೆಗಿಡಿ. ರಸ್ತೆ ಹಾಕುವುದು ಬಿಲ್ಡರ್ ಕೆಲಸವಲ್ಲ, ಟ್ರೇಡರ್‌ಗಳು ಹೋದಲ್ಲಿ ತಾನೇ ಮೂಡುತ್ತದೆ. ಗಡಿಯಂಚಿಗೆ ಕಳಿಸುವಾಗ ಸೈನಿಕನೊಬ್ಬನ ಜೊತೆ ಫಾರ್ಮೇಶನ್ ಮಾಡಿ. ಒಂಟಿ ಬಿಲ್ಡರ್ ಬಾರ್ಬೇರಿಯನ್‌ಗಳ ಕೈಗೆ ಸಿಕ್ಕರೆ ಸಾಯುವುದಿಲ್ಲ, ಅವರ ಪಾಲಾಗುತ್ತದೆ.

ಲೂಟಿಯಾದ ಹೊಲ, ಗಣಿ ರಿಪೇರಿಗೆ ಚಾರ್ಜ್ ಖರ್ಚಾಗುವುದಿಲ್ಲ. ಬಿಲ್ಡರ್‌ಗೆ ಟರ್ನ್‌ವಾರು ಸಂಬಳವೂ ಇಲ್ಲ. ಹಾಗಾಗಿ ನದಿ, ಜ್ವಾಲಾಮುಖಿ ಪಕ್ಕದ ಊರಲ್ಲಿ ಒಂದೇ ಚಾರ್ಜ್ ಉಳಿದ ಬಿಲ್ಡರನ್ನು ಮಲಗಿಸಿಡುವುದು ಜಾಣತನ. ಪ್ರವಾಹ ಬಂದಾಗೆಲ್ಲ ಎಬ್ಬಿಸಿ ರಿಪೇರಿ ಮಾಡಿಸಬಹುದು.

ಇನ್ನು ದೂರುಗಳು. ಎಲ್ಲಿ ಏನು ಕಟ್ಟಬೇಕೆಂದು ಆಟ ತೋರಿಸುವ ಸಲಹೆ ನಂಬುವಂಥದ್ದಲ್ಲ, ನಿಮ್ಮ ಡಿಸ್ಟ್ರಿಕ್ಟ್ ಯೋಜನೆ ಅದಕ್ಕೆ ಗೊತ್ತಿಲ್ಲ. ಹತ್ತು ಊರು ದಾಟಿದ ಮೇಲೆ ಬಿಲ್ಡರ್ ಓಡಿಸುವುದು ಶುದ್ಧ ಬೇಸರದ ಕೆಲಸ. ಕೆಲಸಗಳನ್ನು ಸಾಲಾಗಿ ಹೇಳಿಡುವ ಸೌಲಭ್ಯ ಕೊಡದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ತಾನಾಗಿ ಮುಂದಿನ ಘಟಕಕ್ಕೆ ಜಿಗಿಯುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದರೆ ಸ್ವಲ್ಪ ನೆಮ್ಮದಿ.

ಕೊಳ್ಳುವುದಾದರೆ ಎರಡೂ ವಿಸ್ತರಣೆ ಇರುವ ಪ್ಯಾಕನ್ನೇ ಕೊಳ್ಳಿ. ಮೂಲ ಆಟದಲ್ಲಿ ಮ್ಯಾಗ್ನಸ್ ಇಲ್ಲ, ಲಿಯಾಂಗ್ ಇಲ್ಲ, ಸುವರ್ಣಯುಗದಲ್ಲಿ ಆರಿಸಿಕೊಳ್ಳುವ ಮಾನ್ಯುಮೆಂಟಾಲಿಟಿ ಎಂಬ ಲಾಭವೂ ಇಲ್ಲ. ಈ ಕೊನೆಯದರಲ್ಲಿ ಬಿಲ್ಡರ್‌ಗಳನ್ನು ಫೇತ್ (ಧರ್ಮದ ಅಂಕ) ಕೊಟ್ಟು ಕೊಳ್ಳಬಹುದು, ಅದೂ 30 ಶೇಕಡಾ ಅಗ್ಗಕ್ಕೆ, ಮೇಲೆ 2 ಮೂವ್‌ಮೆಂಟ್ ಹೆಚ್ಚು. ಸರ್ಫ್‌ಡಮ್ ಜೊತೆ ಅದು ಕೂಡಿಬಂದ ಆಟದಲ್ಲಿ ಊರುಗಳು ಪ್ರೊಡಕ್ಷನ್ನನ್ನು ಬಿಲ್ಡರ್‌ಗೆ ಕೊಡಬೇಕಾದ ಅಗತ್ಯವೇ ಬೀಳುವುದಿಲ್ಲ.