ಪಿ.ಎಸ್.ಎ. ಇಳಿಸಿದ್ದು ಇಂಜೆಕ್ಷನ್, ಹಣ ಎಣಿಸಿಕೊಂಡವನು ಬೇರೆಯವನು

ದಾವಣಗೆರೆ, ಚಿತ್ರದುರ್ಗದ ಕಡೆ ಯಾರ ಮನೆಯಲ್ಲಾದರೂ ಹಿರಿಯರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ವರದಿ ಬಂದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. "ಬೇರೆ ಕಾಯಿಲೆಯ ಹಳೇ ಮಾತ್ರೆಯಿಂದಲೇ ಕ್ಯಾನ್ಸರ್ ವಾಸಿ ಮಾಡುತ್ತೇವೆ" ಎಂದು ಹೇಳಿಕೊಂಡು, ಜಂತುಹುಳುವಿನ ಮಾತ್ರೆ, ಚೂರ್ಣ, ಅಡುಗೆ ಸೋಡಾದ ನೀರು, ಪಥ್ಯದ ಪಟ್ಟಿ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಡುವ ವ್ಯಕ್ತಿಯೊಬ್ಬ ದಾವಣಗೆರೆಯ ಬಡಾವಣೆಯೊಂದರಲ್ಲಿ ಮನೆ ಬಾಡಿಗೆಗೆ ಹಿಡಿದು ಕೇಂದ್ರ ನಡೆಸುತ್ತಿದ್ದಾನೆ. ದೂರು ಕೊಟ್ಟಿರುವುದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಆತ ಆಡಿದ ಮಾತುಗಳನ್ನು ಆಡಿದ ಹಾಗೆಯೇ ಬರೆಯುತ್ತೇನೆ. ಮಾತು ಕೇಳಿದರೆ ಆಳು ಯಾರೆಂದು ನಿಮಗೇ ಗೊತ್ತಾಗುತ್ತದೆ.

ನಮ್ಮ ಅಪ್ಪಾಜಿಗೆ ಎಪ್ಪತ್ತು ದಾಟಿದೆ, ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತೋಟವಿದೆ. ಸೊಂಟನೋವು ಬಿಡದೆ ಕಾಡಿದಾಗ ಮೊದಲು ತೋಟದ ಕೆಲಸದ ನೋವೆಂದೇ ಎಣ್ಣೆ ತಿಕ್ಕಿಸಿಕೊಂಡರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಪಿ.ಎಸ್.ಎ. (ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಪ್ರೋಟೀನು, ಈ ಕ್ಯಾನ್ಸರ್ ಇದ್ದರೆ ಸಾಮಾನ್ಯವಾಗಿ ಏರುತ್ತದೆ) 86 ಬಂತು, ಬಯಾಪ್ಸಿ, ಸ್ಕ್ಯಾನ್ ಆದ ಮೇಲೆ ರೋಗ ಮೂಳೆಗೆ ಇಳಿದಿದೆ ಎಂದು ಖಚಿತವಾಯಿತು. ವೈದ್ಯರು ಮುಚ್ಚುಮರೆ ಮಾಡಲಿಲ್ಲ. ಬೇರುಸಹಿತ ತೆಗೆಯಲು ಆಗುವುದಿಲ್ಲ, ಆದರೆ ಹತೋಟಿಯಲ್ಲಿ ಇಡಬಹುದು, ಎಷ್ಟೋ ಜನ ವರ್ಷಗಟ್ಟಲೆ ಚೆನ್ನಾಗಿರುತ್ತಾರೆ ಎಂದು ಹೇಳಿ, ಮೂರು ತಿಂಗಳಿಗೊಮ್ಮೆ ಲ್ಯೂಪ್ರೋಲೈಡ್ ಇಂಜೆಕ್ಷನ್, ದಿನವೂ ಖಾಲಿ ಹೊಟ್ಟೆಯಲ್ಲಿ ಅಬಿರಾಟೆರೋನ್ ಮಾತ್ರೆ, ಜೊತೆಗೆ ಪ್ರೆಡ್ನಿಸೋಲೋನ್ ಬರೆದುಕೊಟ್ಟರು. ಈ ಕ್ಯಾನ್ಸರ್ ಗಂಡಸಿನ ಟೆಸ್ಟೋಸ್ಟೆರೋನ್ ಹಾರ್ಮೋನಿನ ಬಲದಿಂದ ಬೆಳೆಯುತ್ತದೆ, ಅದನ್ನು ತಡೆದರೆ ರೋಗ ಕುಗ್ಗುತ್ತದೆ ಎಂಬುದನ್ನು ಚಾರ್ಲ್ಸ್ ಹಗಿನ್ಸ್ ಎಂಬ ಶಸ್ತ್ರವೈದ್ಯರು 1941ರಲ್ಲೇ ತೋರಿಸಿದ್ದರು, 1966ರಲ್ಲಿ ಅವರಿಗೆ ಅದಕ್ಕಾಗಿ ನೊಬೆಲ್ ಬಂದಿತ್ತು. ಇಂದಿನ ಇಂಜೆಕ್ಷನ್ ಮಾಡುವ ಕೆಲಸವೂ ಅದೇ. ಎರಡು ಮೂರು ತಿಂಗಳಲ್ಲಿ ಈ ಚಿಕಿತ್ಸೆಯಿಂದಲೇ ಪಿ.ಎಸ್.ಎ. ಇಳಿಯುತ್ತದೆ ನೋಡುತ್ತಿರಿ ಎಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ಈ ಒಂದು ಮಾತನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಇಂಜೆಕ್ಷನ್ ಆದ ಮೇಲೆ ಅಪ್ಪಾಜಿಗೆ ಮೈಯೆಲ್ಲ ಬಿಸಿಯೇರಿ ಬೆವರುವುದು, ನಿತ್ರಾಣ ಶುರುವಾಯಿತು. ಇನ್ನೂ ಒಂದು ಸಂಗತಿ ಇತ್ತು, ಅದನ್ನು ಅವರು ಮಕ್ಕಳ ಮುಂದೆ ಬಾಯಿಬಿಟ್ಟು ಹೇಳುವವರಲ್ಲ. ನಮ್ಮ ಕಡೆಯ ಗಂಡಸರು ಈ ಕಾಯಿಲೆಯ ಹೆಸರನ್ನೇ ನೆಂಟರ ಮುಂದೆ ಎತ್ತುವುದಿಲ್ಲ, "ಮೂತ್ರದ ತೊಂದರೆ" ಎಂದು ಮುಗಿಸಿಬಿಡುತ್ತಾರೆ. ಆ ಕೇಂದ್ರದವನಿಗೆ ಈ ಸಂಕೋಚ ಚೆನ್ನಾಗಿ ಗೊತ್ತಿದೆ, ಅವನ ವ್ಯಾಪಾರದ ಬಂಡವಾಳವೇ ಅದು. ಮದುವೆ ಮನೆಯಲ್ಲಿ ಸಿಕ್ಕ ನೆಂಟರೊಬ್ಬರು ವಿಳಾಸ ಕೊಟ್ಟರು, ಅಪ್ಪಾಜಿ ಹಟ ಹಿಡಿದರು, ನಾನು ಕಾರಿನಲ್ಲಿ ಕರೆದುಕೊಂಡು ಹೋದೆ.

ಆತ ಮೊದಲು ಕೇಳಿದ್ದು ರೋಗದ ಬಗ್ಗೆ ಅಲ್ಲ. "ಯಜಮಾನ್ರೇ, ಗಂಡಸ್ತನ ತೆಗಿಯೋ ಇಂಜೆಕ್ಷನ್ ಕೊಟ್ಟಾರೇನ್ರಿ?" ಎಂದು ಕೇಳಿದ. ಅಪ್ಪಾಜಿ ತಲೆ ತಗ್ಗಿಸಿದರು. ಅಲ್ಲಿಗೆ ಅವನ ಕೆಲಸ ಅರ್ಧ ಆಗಿಹೋಗಿತ್ತು ಎಂದು ಈಗ ಅನ್ನಿಸುತ್ತದೆ. ಆಮೇಲೆ ಮೊಬೈಲಿನಲ್ಲಿ ಒಂದರ ಹಿಂದೆ ಒಂದು ವಿಡಿಯೋ ತೋರಿಸುತ್ತ, ಐವರ್ಮೆಕ್ಟಿನ್ ಎಂಬ ಹುಳುವಿನ ಮಾತ್ರೆಗೆ 2015ರಲ್ಲಿ ನೊಬೆಲ್ ಬಂದಿದೆ, ಥಾಲಿಡೊಮೈಡ್ ಎಂಬ ನಿಷೇಧಿತ ಮಾತ್ರೆಯೇ ಇವತ್ತು ರಕ್ತದ ಕ್ಯಾನ್ಸರಿಗೆ ಬಳಕೆಯಲ್ಲಿದೆ, ಹಳೇ ಮಾತ್ರೆಯಿಂದ ಕಂಪನಿಗಳಿಗೆ ಲಾಭವಿಲ್ಲದ ಕಾರಣ ಮುಚ್ಚಿಟ್ಟಿದ್ದಾರೆ ಎಂದು ವಿವರಿಸಿದ. ಅವನ ಮಾತಿನಲ್ಲಿ ಅರ್ಧ ನಿಜವಿತ್ತು ಎಂಬುದೇ ಸಿಟ್ಟು ತರಿಸುವ ವಿಷಯ. ಐವರ್ಮೆಕ್ಟಿನ್ ಕಂಡುಹಿಡಿದವರಿಗೆ ನೊಬೆಲ್ ಬಂದಿರುವುದು ಹೌದು, ಆದರೆ ಬಂದಿದ್ದು ಪರಾವಲಂಬಿ ಹುಳುಗಳಿಂದ ಬರುವ ಕುರುಡುತನ, ಆನೆಕಾಲು ರೋಗದಂಥ ಕಾಯಿಲೆಗಳ ವಿರುದ್ಧದ ಕೆಲಸಕ್ಕೆ. ಥಾಲಿಡೊಮೈಡ್ ಕೂಡ ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷೆಯಾದ ಮೇಲೆಯೇ ಮತ್ತೆ ಬಂದದ್ದು, ಬಾಡಿಗೆ ಮನೆಯ ಹಾಲ್‌ನಲ್ಲಿ ಕುಳಿತು ಯಾರೋ ಕೊಟ್ಟದ್ದಲ್ಲ.

ತಿಂಗಳಿಗೆ 18,000 ರೂಪಾಯಿ, ನಗದು. ಬಿಲ್ ಕೇಳಿದೆ. "ಸೇವೆಗೆ ಬಿಲ್ ಇರ್ತೈತೇನ್ರಿ ಸಾರ್?" ಎಂದು ನಕ್ಕ. ಔಷಧಿಯ ಹೆಸರು ಕೇಳಿದೆ. "ಹೆಸರು ಗೊತ್ತಾದ್ರೆ ನೀವು ಗೂಗಲ್ ನೋಡ್ತೀರಿ, ಮನಸ್ಸಿಗೆ ಸಂಶಯ ಬಂದ್ರೆ ಮದ್ದು ಹತ್ತೋದಿಲ್ಲ" ಎಂದ. ಚೀಲದಲ್ಲಿ ಮಾತ್ರೆಗಳ ಪಟ್ಟಿಗಳಿದ್ದವು, ಅವುಗಳ ಅಂಚನ್ನೆಲ್ಲ ಕತ್ತರಿಯಿಂದ ಕತ್ತರಿಸಿ ಹೆಸರು, ತಾರೀಖು ಏನೂ ಕಾಣದ ಹಾಗೆ ಮಾಡಲಾಗಿತ್ತು. ವಿಟಮಿನ್ ಇ, ಸೆಲೆನಿಯಂ ಕ್ಯಾಪ್ಸೂಲ್‌ಗಳೂ ಇದ್ದವು. ಸಕ್ಕರೆ ಕಾಯಿಲೆಗೆ ಅಪ್ಪಾಜಿ ನುಂಗುತ್ತಿದ್ದ ಮೆಟ್‌ಫಾರ್ಮಿನ್ ಅನ್ನು ಎರಡು ಪಟ್ಟು ಮಾಡಲು ಹೇಳಿದ, ಅದು ಕ್ಯಾನ್ಸರನ್ನು ಉಪವಾಸ ಕೆಡವುತ್ತದಂತೆ.

ಮೂರು ತಿಂಗಳ ಪರೀಕ್ಷೆಯಲ್ಲಿ ಪಿ.ಎಸ್.ಎ. 86ರಿಂದ 3.2ಕ್ಕೆ ಇಳಿದಿತ್ತು. ವೈದ್ಯರು ಮೊದಲೇ ಹೇಳಿದ್ದಂತೆ ಇಳಿದಿತ್ತು! ಆದರೆ ಆ ಕಾಗದವನ್ನು ಕೇಂದ್ರದವನಿಗೆ ತೋರಿಸಿದ್ದೇ ತಡ, ಆತ ಎದ್ದು ನಿಂತು ಅಪ್ಪಾಜಿಗೆ ಶಾಲು ಹೊದಿಸಿದ. ಶಾಲು ಮೊದಲೇ ತಂದಿಟ್ಟಿದ್ದ ಎಂದರೆ ಇಂಥ ಕಾಗದ ಬರುತ್ತದೆಂದು ಅವನಿಗೆ ಗೊತ್ತಿತ್ತು, ಅಲ್ಲವೇ? ಕೈಯಲ್ಲಿ ವರದಿ ಹಿಡಿಸಿ ವಿಡಿಯೋ ಮಾಡಿಸಿದ. "ಈ ಔಷಧಿಯಿಂದ ನನಗೆ ಗುಣ ಆಗಿದೆ" ಎಂದು ಹೇಳಿಸಿದ. ಆಮೇಲೆ, "ಇನ್ಯಾಕ್ರಿ ಆ ಇಂಜೆಕ್ಷನ್? ಆ ಮಾತ್ರೆ ಬೇರೆ ಲಿವರ್ ತಿಂದು ಹಾಕ್ತೈತಿ, ಎರಡೂ ಬಿಡ್ರಿ" ಎಂದ. ಬೆವರು, ನಿತ್ರಾಣದಿಂದ ಬೇಸತ್ತಿದ್ದ ಅಪ್ಪಾಜಿ ಎರಡನ್ನೂ ಬಿಟ್ಟರು.

ಹಾಕಿಸಿಕೊಂಡಿದ್ದ ಇಂಜೆಕ್ಷನ್ನಿನ ಪ್ರಭಾವ ಅವಧಿ ಮುಗಿದ ದಿನವೇ ನಿಲ್ಲುವುದಿಲ್ಲ. ಹಾರ್ಮೋನು ಮತ್ತೆ ಏರಲು ಹಲವು ವಾರಗಳು, ಎಷ್ಟೋ ಸಲ ತಿಂಗಳುಗಳೇ ಬೇಕು. ಆ ನಡುವಿನ ಕಾಲವೇ ಇಂಥವರಿಗೆ ಸುಗ್ಗಿ. ಅಪ್ಪಾಜಿ ಇಂಜೆಕ್ಷನ್ ಬಿಟ್ಟರೂ ಆರಾಮಾಗಿ ಓಡಾಡಿದರು, ಬೆವರುವುದು ಕಡಿಮೆಯಾಯಿತು, ಊರಲ್ಲೆಲ್ಲ ಆ ವಿಡಿಯೋ ಸುತ್ತಿತು.

ಆಮೇಲೆ ಒಂದು ದಿನ ಅಮ್ಮ ಫೋನ್ ಮಾಡಿ, "ನಿಮ್ಮಪ್ಪನ ಕಣ್ಣು ಅರಿಶಿನ ಬಳಿದಂಗಾಗ್ಯಾವೆ" ಎಂದರು. ಕೇಂದ್ರದವನಿಗೆ ಫೋನ್ ಮಾಡಿದೆ. "ವಿಷ ಹೊರಗೆ ಬರ್ತಾ ಐತ್ರಿ, ಇದಕ್ಕೆ ಹೀಲಿಂಗ್ ಕ್ರೈಸಿಸ್ ಅಂತಾರೆ, ಒಳ್ಳೇ ಲಕ್ಷಣ, ಸೋಡಾ ನೀರು ಜಾಸ್ತಿ ಮಾಡ್ರಿ" ಎಂದ. ಒಳ್ಳೇ ಲಕ್ಷಣವಂತೆ! ಆಸ್ಪತ್ರೆಗೆ ಸೇರಿಸಿದಾಗ ಯಕೃತ್ತಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್.ಜಿ.ಪಿ.ಟಿ. 640 ಇತ್ತು, ಪಿ.ಎಸ್.ಎ. ಮತ್ತೆ 41ಕ್ಕೆ ಏರಿತ್ತು. ಬೇರೆ ಏನು ತಿನ್ನಿಸುತ್ತಿದ್ದೀರಿ ಎಂದು ವೈದ್ಯರು ಕೇಳಿದಾಗ ಚೀಲವನ್ನು ಅವರ ಮೇಜಿನ ಮೇಲೆ ಸುರಿದೆ. ಕತ್ತರಿಸಿದ ಪಟ್ಟಿಗಳಲ್ಲಿ ಒಂದರ ಮೂಲೆ ಕತ್ತರಿಗೆ ಸಿಗದೆ ಉಳಿದುಕೊಂಡಿತ್ತು. ಅದರಲ್ಲಿ ದನದ ತಲೆಯ ಪುಟ್ಟ ಚಿತ್ರವಿತ್ತು. ಪಶುಗಳ ಔಷಧಿಯ ಮೇಲೆ, ಇದು ಮನುಷ್ಯರ ಬಳಕೆಗಲ್ಲ ಎಂಬ ಒಕ್ಕಣೆಯ ಜೊತೆಗೆ, ಸಾಕುಪ್ರಾಣಿಯ ತಲೆಯ ಚಿತ್ರ ಹಾಕಬೇಕೆಂದು ನಿಯಮವಿದೆ. ಚಳ್ಳಕೆರೆ ಕಡೆ ಕುರಿ ಸಾಕುವ ನಮ್ಮ ಚಿಕ್ಕಪ್ಪನ ಮಗ ನೋಡಲು ಬಂದವನು ಪಟ್ಟಿಯನ್ನು ತಿರುಗಿಸಿ ನೋಡಿ, "ದೊಡ್ಡಪ್ಪಗೆ ಇದನ್ನ ಕೊಟ್ಟಾರಾ ಅಣ್ಣ? ಇದು ನಾವು ಮರಿಗಳಿಗೆ ಜಂತಿಗೆ ಹಾಕೋದು" ಎಂದ. ಫೆನ್‌ಬೆಂಡಜೋಲ್. ಇದನ್ನು ತಾವಾಗಿಯೇ ನುಂಗಿದ ಕ್ಯಾನ್ಸರ್ ರೋಗಿಗಳ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ ಎಂದು ವೈದ್ಯರು ಹೇಳಿದರು. ಲಿವರ್ ಹಾಳಾಗುತ್ತದೆಂದು ಹೆದರಿಸಿ ಅಬಿರಾಟೆರೋನ್ ಬಿಡಿಸಿದವನು ಇವನೇ! ಲಿವರ್ ಹಾಳು ಮಾಡಿದವನೂ ಇವನೇ. ಎಸ್.ಜಿ.ಪಿ.ಟಿ. ಇಳಿಯುವವರೆಗೆ ಅಬಿರಾಟೆರೋನ್ ಮತ್ತೆ ಶುರುಮಾಡಲು ಆಗದೆ, ಇಂಜೆಕ್ಷನ್ ಒಂದನ್ನೇ ಕೊಟ್ಟು ಕಾಯಬೇಕಾಯಿತು, ರೋಗ ಮಾತ್ರ ಕಾಯಲಿಲ್ಲ.

ಅಪ್ಪಾಜಿಗೆ ಗ್ಲೂಕೋಸ್ ಏರಿಸುತ್ತಿದ್ದ ಆ ವಾರದಲ್ಲೇ ಹರಿಹರದಿಂದ ಅಪರಿಚಿತರೊಬ್ಬರ ಫೋನ್ ಬಂತು. "ನಿಮ್ಮ ತಂದೆಯವರ ವಿಡಿಯೋ ನೋಡಿದೆವು ಸಾರ್, ನಮ್ಮ ಅಣ್ಣನಿಗೂ ಅದೇ ಕಾಯಿಲೆ, ಎಷ್ಟು ದಿನಕ್ಕೆ ಗುಣವಾಯಿತು?" ಎಂದು ಬಹಳ ವಿನಯದಿಂದ ಕೇಳಿದರು. ನನಗೆ ನಾಚಿಕೆಯಿಂದ ಮಾತೇ ಹೊರಡಲಿಲ್ಲ. ಕೇಂದ್ರದವನೇ ನನ್ನ ನಂಬರು ಕೊಟ್ಟಿದ್ದ. ನಿಮ್ಮ ಅಣ್ಣನಿಗೆ ಹಾರ್ಮೋನ್ ಇಂಜೆಕ್ಷನ್ ಆಗಿದೆಯೇ ಎಂದು ಕೇಳಿದೆ. ಆಗಿದೆ ಎಂದರು. ನಾವು ನೋಡಿದ್ದ ವಿಡಿಯೋಗಳಲ್ಲಿ ಶಾಲು ಹೊದ್ದು ವರದಿ ಹಿಡಿದು ನಿಂತವರೂ ಇಂಜೆಕ್ಷನ್ ಮಾಡಿಸಿಕೊಂಡೇ ಬಂದವರಿರಬೇಕು ಎಂದು ನನಗೆ ಹೊಳೆದದ್ದು ಆಗ. ಆಸ್ಪತ್ರೆಯ ಇಂಜೆಕ್ಷನ್ ಇಳಿಸಿದ ಅಂಕಿಯನ್ನು ತನ್ನ ಚೂರ್ಣದ ಲೆಕ್ಕಕ್ಕೆ ಬರೆದುಕೊಳ್ಳುವುದೇ ಇವನ ಚಿಕಿತ್ಸೆ.

ಇನ್ನು, ಚೂರ್ಣವೇ ಪಿ.ಎಸ್.ಎ. ಇಳಿಸಿದ ಉದಾಹರಣೆ ಇಲ್ಲವೆಂದಲ್ಲ. ಅಮೆರಿಕದಲ್ಲಿ ಪಿಸಿ-ಸ್ಪೆಸ್ ಎಂಬ ಗಿಡಮೂಲಿಕೆಯ ಕ್ಯಾಪ್ಸೂಲ್ ಇದೇ ಕಾಯಿಲೆಗೆ ಹೆಸರು ಮಾಡಿತ್ತು. ಅದರಲ್ಲಿ ಹಾರ್ಮೋನಿನ ಔಷಧಿಯಾದ ಡಿ.ಇ.ಎಸ್., ರಕ್ತ ತೆಳುವಾಗಿಸುವ ವಾರ್ಫರಿನ್ ಬೆರೆತಿರುವುದು ಪತ್ತೆಯಾಗಿ 2002ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆದರು. ವಿಟಮಿನ್ ಇ ಕಥೆ ಇನ್ನೂ ಚೆಂದ: ಮೂವತ್ತೈದು ಸಾವಿರಕ್ಕೂ ಹೆಚ್ಚು ಆರೋಗ್ಯವಂತ ಗಂಡಸರ ಮೇಲೆ ನಡೆದ ಸೆಲೆಕ್ಟ್ ಅಧ್ಯಯನದಲ್ಲಿ ಅದನ್ನು ಸೇವಿಸಿದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು ಬಂದಿದೆ ಎಂದು 2011ರಲ್ಲಿ ಪ್ರಕಟವಾಯಿತು. ಮೆಟ್‌ಫಾರ್ಮಿನ್ ಅನ್ನು ವೈದ್ಯರೇ ಪ್ರಾಮಾಣಿಕವಾಗಿ ಪರೀಕ್ಷಿಸಿದ್ದಾರೆ. ಬ್ರಿಟನ್ನಿನ ಸ್ಟ್ಯಾಂಪೀಡ್ ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು, ರೋಗ ಹರಡಿದವರ ಆಯಸ್ಸು ಅದರಿಂದ ಖಚಿತವಾಗಿ ಹೆಚ್ಚಿದ್ದು ಕಾಣಲಿಲ್ಲ, ತೂಕ ಮತ್ತು ಸಕ್ಕರೆಯ ವಿಷಯದಲ್ಲಿ ಮಾತ್ರ ಅನುಕೂಲವಾಯಿತು. ಹಳೇ ಮಾತ್ರೆಯನ್ನು ಯಾರೂ ಮುಚ್ಚಿಟ್ಟಿಲ್ಲ.

ಹಣ ವಾಪಸ್ ಕೇಳಲು ಹೋದಾಗ ಆತ ಕೊಟ್ಟ ಉತ್ತರಗಳು ಇವು. "ನಿಮ್ಮ ತಂದೆ ಪಥ್ಯ ಮುರಿದಾರೆ, ಟೀಗೆ ಸಕ್ಕರೆ ಹಾಕ್ಕೊಂಡಾರೆ." "ನಾನು ಇಂಜೆಕ್ಷನ್ ಬಿಡ್ರಿ ಅಂತ ಹೇಳೇ ಇಲ್ಲ, ನಿಮಗೆ ಇಷ್ಟ ಇದ್ರೆ ಬಿಡ್ರಿ ಅಂದೆ." "ನಾನು ಡಾಕ್ಟರ್ ಅಂತ ಎಲ್ಲಾದ್ರೂ ಬೋರ್ಡ್ ಹಾಕೀನೇನ್ರಿ?" ಬೋರ್ಡ್ ಹಾಕಿಲ್ಲ, ಅದು ನಿಜ. ವಿಡಿಯೋ ತೆಗೆಸು ಎಂದರೆ, "ಅದು ಜನರ ಹತ್ರ ಹೋಗೈತಿ, ನನ್ನ ಕೈಲಿಲ್ಲ ಸಾರ್" ಎಂದ. ಗುಣವಾಗಿದೆ ಎಂದು ನಮ್ಮ ಅಪ್ಪಾಜಿ ಇಂದಿಗೂ ಯಾರ್‍ಯಾರದೋ ಮೊಬೈಲಿನಲ್ಲಿ ಹೇಳುತ್ತಲೇ ಇದ್ದಾರೆ.

ಕ್ಯಾನ್ಸರ್ ಮತ್ತು ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಎರಡನ್ನೂ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಖಾಸಗಿ ಚಿಕಿತ್ಸಾ ಕೇಂದ್ರ ಯಾವುದೇ ಪದ್ಧತಿಯದಾದರೂ ರಾಜ್ಯದ 2007ರ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಆ ಮಾತ್ರೆಯ ಪಟ್ಟಿ, ಯಕೃತ್ತಿನ ವರದಿ, ವಿಡಿಯೋ ಮೂರನ್ನೂ ಸೇರಿಸಿ ಬರೆದುಕೊಟ್ಟಿದ್ದೇನೆ. ಇಂಜೆಕ್ಷನ್ನಿನಿಂದ ಬೆವರು, ಸಂಕಟ ಆಗುತ್ತಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರಿಗೇ ಹೇಳಿ, ಅವರ ಬಳಿ ಅದಕ್ಕೂ ದಾರಿ ಇರುತ್ತದೆ. ನಾಟಿಯದೋ ಇಂಗ್ಲಿಷ್ ಔಷಧಿಯೋ, ಏನು ನುಂಗುತ್ತಿದ್ದರೂ ಅವರ ಮುಂದೆ ಇಡಿ. ಇದೇ ಕೇಂದ್ರದಿಂದ ಅಂಚು ಕತ್ತರಿಸಿದ ಮಾತ್ರೆ ತಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಸಿಟ್ಟಿನಿಂದ ಒಲೆಗೆ ಹಾಕಬೇಡಿ, ಚೀಲ ಸಮೇತ ತೆಗೆದಿಟ್ಟು ನೀವೂ ಒಂದು ದೂರು ಬರೆದುಕೊಡಿ. ಹರಿಹರದವರು ಆಗಲೇ ಕೊಟ್ಟಿದ್ದಾರೆ.