ಸಿರಸಿ ಸೀಮೆಯ ಹೋಂಸ್ಟೇ ಊಟ: ಮಧ್ಯಾಹ್ನಕ್ಕೆ ಪೂರ್ಣ ಅಂಕ, ರಾತ್ರಿಗೆ ಅರ್ಧ

ಕರಾವಳಿಯಿಂದ ದೇವಿಮನೆ ಘಟ್ಟ ಹತ್ತಿ ವಾರಾಂತ್ಯಕ್ಕೆ ಸಿರಸಿಗೆ ಹೋಗುವವರಲ್ಲಿ ಅನೇಕರು ಯಾಣ, ಸಹಸ್ರಲಿಂಗ, ಉಂಚಳ್ಳಿ ಜಲಪಾತ ಎಲ್ಲವನ್ನೂ ಆಸಕ್ತಿಯಿಂದ ನೋಡಿ, ಊಟದ ಹೊತ್ತಿಗೆ ಮಾತ್ರ ರಸ್ತೆಬದಿಯ ಹೋಟೆಲಿನಲ್ಲಿ ಫ್ರೈಡ್ ರೈಸ್ ತಿಂದು ಮರಳುತ್ತಾರೆ. ಇದರಲ್ಲಿ ತಪ್ಪು ಪೂರ್ತಿ ಅವರದಲ್ಲ. ಘಟ್ಟದ ಮೇಲಿನ ಹವ್ಯಕ ಬ್ರಾಹ್ಮಣರ ಸಸ್ಯಾಹಾರಿ ಅಡುಗೆ ಇಂದಿಗೂ ಬಹುಮಟ್ಟಿಗೆ ಮನೆಯ ಅಡುಗೆಯಾಗಿಯೇ ಉಳಿದಿರುವುದರಿಂದ, ಅದನ್ನು ಉಣ್ಣಬೇಕೆನ್ನುವವರು ಯಾರದಾದರೂ ಮನೆಯ ಪಂಕ್ತಿಯಲ್ಲಿ ಕೂರಬೇಕಾಗುತ್ತದೆ. ಆ ಕಾರಣಕ್ಕಾಗಿಯೇ ನಾವು ಸಿರಸಿಯಿಂದ ಸೋಂದಾ ಕಡೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಅಂಚಿನಲ್ಲಿ ಕುಟುಂಬವೊಂದು ನಡೆಸುವ ಹೋಂಸ್ಟೇಯನ್ನು ಆಯ್ದುಕೊಂಡೆವು. ಹೆಚ್ಚು ಜನರಿಗೆ ಅಡುಗೆ ಮಾಡುವ ಅನುಕೂಲವಿಲ್ಲವೆಂದು ಮನೆಯವರು ಪ್ರಚಾರ ಬಯಸದ ಕಾರಣ ಹೆಸರನ್ನು ಇಲ್ಲಿ ಬರೆದಿಲ್ಲ.

ಮಳೆಗಾಲದ ಮಧ್ಯಾಹ್ನ ಬಾಳೆಎಲೆಗೆ ಮೊದಲು ಬಂದದ್ದು ಒಂದೆಲಗದ ತಂಬುಳಿ. ಸೊಪ್ಪು, ಕಾಯಿತುರಿ, ಜೀರಿಗೆಗಳನ್ನು ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ, ಕುದಿಸದೆ ಒಗ್ಗರಣೆ ಕೊಟ್ಟ ಈ ಪದಾರ್ಥವನ್ನು ಹೊಸಬರು ಪಾನಕದಂತೆ ಲೋಟದಲ್ಲಿ ಕೇಳುವುದುಂಟು. ಆದರೆ ಬಿಸಿ ಅನ್ನಕ್ಕೆ ಕಲಸಿ ಊಟದ ಆರಂಭದಲ್ಲಿ ಉಂಡಾಗಲೇ ಅದರ ತಂಪು ನಾಲಿಗೆಗೆ ಸರಿಯಾಗಿ ತಿಳಿಯುತ್ತದೆ. ಬಳಿಕ ಬಂದ ಕಳಲೆ ಪಲ್ಯ ಆ ದಿನದ ಅತ್ಯುತ್ತಮ ಪದಾರ್ಥವಾಗಿತ್ತು. ಎಳೆಯ ಬಿದಿರಿನ ಮೊಳಕೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಸಿಟ್ಟು ಅದರ ಕಹಿಯನ್ನೂ ವಿಷದ ಅಂಶವನ್ನೂ ಕಳೆಯಬೇಕಾದುದರಿಂದ, ಅತಿಥಿಗಳು ಬಾಗಿಲಿಗೆ ಬಂದ ಮೇಲೆ ಮಾಡಿ ಬಡಿಸುವ ಅಡುಗೆ ಇದಲ್ಲ. ಕೆಸುವಿನ ಸೊಪ್ಪಿನ ಕರಕಲಿ ಎಂಬ ಗೊಜ್ಜಿನಲ್ಲಿ ಹುಳಿ, ಹಸಿಮೆಣಸು, ಬೆಳ್ಳುಳ್ಳಿ ಮೂರೂ ಮುಂದಾಗಿದ್ದವು. ಹುಳಿ ಸಾಲದಿದ್ದರೆ ಕೆಸು ಗಂಟಲನ್ನು ತುರಿಸುತ್ತದೆ. ಇಲ್ಲಿ ಆ ಅಳತೆ ತಪ್ಪಿರಲಿಲ್ಲ. ಜೊತೆಗೆ ಬೇಸಿಗೆಯಲ್ಲಿ ಒಣಗಿಸಿ ಡಬ್ಬಿ ತುಂಬಿಟ್ಟ ಹಲಸಿನ ಹಪ್ಪಳವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಿದು, ಕೇಳಿದಷ್ಟು ಬಡಿಸಿದರು.

ಅಪ್ಪೆಹುಳಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಮಾವಿನಕಾಯಿಯನ್ನು ಬೇಯಿಸಿ ಕಿವುಚಿ, ಧಾರಾಳವಾಗಿ ನೀರು ಬೆರೆಸಿ, ಇಂಗು, ಸಾಸಿವೆ, ಮೆಣಸಿನ ಒಗ್ಗರಣೆ ಕೊಟ್ಟ ಈ ತಿಳಿಸಾರಿಗೆ ಬೇಳೆಯಾಗಲಿ ಮಸಾಲೆಯಾಗಲಿ ಬೇಡ. ಮಾವಿನ ಕಾಲವಲ್ಲದ್ದರಿಂದ ಮನೆಯವರು ಉಪ್ಪುನೀರಿನಲ್ಲಿ ಹಾಕಿಟ್ಟ ಕಾಯಿಯನ್ನು ಬಳಸಿದ್ದರು. ಹಸಿಕಾಯಿಯ ಸೊನೆಯ ಪರಿಮಳ ಅದರಲ್ಲಿರಲಿಲ್ಲವಾದರೂ ಎರಡನೆಯ ಲೋಟ ಬೇಡವೆನ್ನಲಾಗಲಿಲ್ಲ. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆಂದು ಈ ಭಾಗದವರು ಹೇಳುತ್ತಾರೆ. ಮಧ್ಯಾಹ್ನದ ನಂತರ ಜಲಪಾತ ನೋಡುವ ಯೋಜನೆ ಇಟ್ಟುಕೊಂಡವರು ಇದನ್ನು ಗಮನಿಸುವುದು ಒಳ್ಳೆಯದು.

ರಾತ್ರಿಯ ಊಟ ನಿರಾಸೆ ತಂದಿತು. ಜೀರಾ ರೈಸ್, ಪನೀರ್ ಮಸಾಲೆ, ಗೋಬಿ ಮಂಚೂರಿ ಎಲೆಯ ಮೇಲೆ ಬಂದವು. ವಿಚಾರಿಸಿದಾಗ, ಹಿಂದೆ ಬಂದವರಲ್ಲಿ ಹಲವರು "ಎರಡೂ ಹೊತ್ತು ಇದೇ ಊಟವೇ?" ಎಂದು ಕೇಳಿದ್ದರಿಂದ ಈ ಏರ್ಪಾಡು ಮಾಡಿದ್ದೇವೆ ಎಂದು ಮನೆಯಾಕೆ ಸಂಕೋಚದಿಂದಲೇ ಹೇಳಿದರು. ಅವರ ಕಷ್ಟ ಅರ್ಥವಾಗುತ್ತದೆ. ಆದರೂ ಕಾಯ್ದಿರಿಸುವಾಗಲೇ ಅತಿಥಿಗಳನ್ನು ಕೇಳಿ ತೀರ್ಮಾನಿಸಿದ್ದರೆ, ಅನ್ನ, ಬಾಳೆಕಾಯಿ ಪಲ್ಯ, ಮಜ್ಜಿಗೆಯಷ್ಟಕ್ಕೇ ನಾವು ಸಂತೋಷಪಡುತ್ತಿದ್ದೆವು.

ಬೆಳಗಿನ ತಿಂಡಿಗೆ ತೆಳ್ಳೇವು, ಜೋನಿಬೆಲ್ಲ (ದ್ರವರೂಪದ ಬೆಲ್ಲ), ತುಪ್ಪ. ದೋಸೆಗಿಂತ ತೆಳುವಾದ ಈ ತಿಂಡಿ ಕಾವಲಿಯಿಂದ ನೇರವಾಗಿ ಎಲೆಗೆ ಬರಬೇಕು, ಹಾಗೆಯೇ ಬಂತು. ತೊಡದೇವನ್ನೂ ಕೊಟ್ಟರು, ಆದರೆ ಅದು ಪೇಟೆಯಿಂದ ತಂದದ್ದು. ಕಬ್ಬಿನಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಬಟ್ಟೆಯಿಂದ ಎಳೆದು ಕಾಗದದಷ್ಟು ತೆಳ್ಳಗೆ ತೆಗೆಯುವುದನ್ನು ಕಣ್ಣಾರೆ ನೋಡಬೇಕೆನ್ನುವವರು ಆಲೆಮನೆಯ ಕಾಲದಲ್ಲಿ ಹೋಗಬೇಕು.

ವಸತಿ, ಎರಡು ಊಟ, ತಿಂಡಿ ಸೇರಿ ಒಬ್ಬರಿಗೆ ಎರಡು ಸಾವಿರ ರೂಪಾಯಿಯೊಳಗೆ ಆಯಿತು. ಕೋಣೆ ಸಾಧಾರಣ, ಮಧ್ಯಾಹ್ನದ ಊಟವೊಂದಕ್ಕೇ ಆ ಹಣ ಸಲ್ಲುತ್ತದೆ. ಇಂಥ ಯಾವುದೇ ಮನೆಗೆ ಹೋಗುವ ಎರಡು ದಿನ ಮೊದಲು ಫೋನ್ ಮಾಡಿ, ರಾತ್ರಿಗೂ ಮನೆಯವರು ತಾವು ಉಣ್ಣುವುದನ್ನೇ ಬಡಿಸಲಿ ಎಂದು ಸ್ಪಷ್ಟವಾಗಿ ತಿಳಿಸಿರಿ. ಕಾರವಾರ, ಕುಮಟೆ ಕಡೆಯವರು ಮೀನು ಸಿಗುವುದೆಂಬ ನಿರೀಕ್ಷೆಯಿಂದ ಹೋಗಬಾರದು. ಮಳೆಗಾಲದಲ್ಲಿ ತೋಟ ಸುತ್ತುವವರಿಗೆ ಉಂಬಳದ (ಜಿಗಣೆಯ) ಕಾಟ ತಪ್ಪದು, ಅದನ್ನು ಬಿಡಿಸಲು ಬೇಕಾದ ಸುಣ್ಣದ ಡಬ್ಬಿ ಜಗುಲಿಯ ಕವಳದ (ಎಲೆಅಡಿಕೆಯ) ತಟ್ಟೆಯಲ್ಲಿಯೇ ಇರುತ್ತದೆ.