ಹಳೆ ಎಫ್10ಗೆ ಹೊಸ ಮುಖ: ಅಸಲಿ ಭಾಗವೋ, ಫೈಬರ್ ಕಿಟ್ಟೋ?

ಬಿಎಂಡಬ್ಲ್ಯು 5 ಸೀರೀಸ್ ಎಫ್10 ಬಂದದ್ದು 2010ರಲ್ಲಿ, ಫೇಸ್‌ಲಿಫ್ಟ್ (ಮುಖ ತಿದ್ದಿದ ಆವೃತ್ತಿ) 2013ರಲ್ಲಿ. ಹಳೆಯದಕ್ಕೆ ಆ ಹೊಸ ಮುಖ ಕೊಡಲು ಬಾನೆಟ್ ಬದಲಿಸಬೇಕಿಲ್ಲ, ಅದೇ ದೊಡ್ಡ ಉಳಿತಾಯ. ಇಂಡಿಕೇಟರ್ ಮಾತ್ರ ಫೆಂಡರ್‌ನಿಂದ ಕನ್ನಡಿಗೆ ಹೋಗಿದೆ. ಅಷ್ಟಕ್ಕಾಗಿ ಫೆಂಡರ್ ಬದಲಿಸುವುದು ದಂಡ.

ಬಂಪರ್‌ನಲ್ಲೇ ನಿಜವಾದ ಆಯ್ಕೆ ಇರುವುದು. ಅಸಲಿ ಬಂಪರ್ ಪ್ಲಾಸ್ಟಿಕ್ಕಿನದು: ಸ್ವಲ್ಪ ತಾಗಿದರೆ ಬಾಗಿ ಮರಳುತ್ತದೆ, ಕ್ಲಿಪ್ಪುಗಳು ತಮ್ಮ ಜಾಗಕ್ಕೆ ಕೂರುತ್ತವೆ. ಆದರೆ ಪ್ಲಾಸ್ಟಿಕ್ ಪ್ರೈಮರ್ ಹಾಕದೆ ಬಣ್ಣ ಹೊಡೆದರೆ ಹಾಳೆಯಂತೆ ಏಳುತ್ತದೆ. ಫೈಬರ್ (ಫೈಬರ್‌ಗ್ಲಾಸ್‌ನ ನಕಲು ಬಂಪರ್) ಅಗ್ಗ, ಆದರೆ ಬಾಗದು. ನಮ್ಮ ರೋಡ್ ಹಂಪ್‌ಗೆ ಬಂಪರ್‌ನ ಕೆಳತುಟಿ ತಾಗಿದರೆ ಬಿರುಕು. ಅಂಚು ಉಜ್ಜಿ, ಪುಟ್ಟಿ ತುಂಬಿ ಕೂರಿಸುವ ಕೂಲಿಯಲ್ಲೇ ಅಗ್ಗದ ಲಾಭ ಕರಗುತ್ತದೆ. ಸೆಕೆಂಡ್‌ಹ್ಯಾಂಡ್ ಆದರೂ ಅಸಲಿಯೇ ಮೇಲು; ಕೊಳ್ಳುವಾಗ ಹಿಂಬದಿಯ ಲಾಕ್ ಕಿವಿಗಳು ಮುರಿದಿಲ್ಲವೇ ನೋಡಿ.

ಯಾವುದೇ ಇರಲಿ, ಬಣ್ಣಕ್ಕೆ ಮೊದಲು ಒಮ್ಮೆ ಜೋಡಿಸಿ ಸಂದುಗಳನ್ನು ನೋಡಲೇಬೇಕು. ಪಾರ್ಕಿಂಗ್ ಸೆನ್ಸರ್ ತೂತುಗಳನ್ನು ಎಣಿಸಿಕೊಳ್ಳಿ. ಸೆನ್ಸರ್ ಮುಖಕ್ಕೆ ದಪ್ಪ ಬಣ್ಣ ಬಿದ್ದರೆ ಅದು ಸುಳ್ಳು ಎಚ್ಚರಿಕೆ ಕೊಡುತ್ತದೆ.

ಹಿಂದಿನ ದೀಪಗಳು ಸುಲಭ: ನಾಲ್ಕು ತುಂಡು, ಎರಡು ಡಿಕ್ಕಿಯ ಮೇಲೆ. ದೋಷ ಸೂಚನೆ ಬಂದರೆ ಕೋಡಿಂಗ್ (ಕಾರಿನ ಕಂಪ್ಯೂಟರ್‌ಗೆ ಹೊಸ ದೀಪದ ಗುರುತು ಹಾಕುವುದು) ಮಾಡಿಸಿ. ಝೆನಾನ್ ದೀಪದ ಗಾಡಿಗೆ ಎಲ್‌ಇಡಿ ಹೆಡ್‌ಲೈಟ್ ಹಾಕುವುದು ಮಾತ್ರ ಕೆಲಸವನ್ನು ವೈರಿಂಗ್, ನಿಯಂತ್ರಣ ಮಾಡ್ಯೂಲ್‌ವರೆಗೂ ಎಳೆಯುತ್ತದೆ. ಬಜೆಟ್ ಬಿಗಿಯಿದ್ದರೆ ಬಿಟ್ಟುಬಿಡಿ.

ವಿಮಾ ಕಂಪನಿಗೆ ಮೊದಲೇ ತಿಳಿಸಿ. ಬಣ್ಣವನ್ನೂ ಬದಲಿಸುವುದಾದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು.